ಪನಾಮಾದಿಂದ ಬಂದ ಖಣ

ಮೊನ್ನೆ ಎಸಿ ರಿಮೋಟಿನ ಬ್ಯಾಟರಿ ಹುಡುಕುತ್ತ ಕುರ್ಚಿ ಹತ್ತಿ ಕಪಾಟಿನ ಮೇಲಿನ ಖಾನೆಗೆ ಕೈ ಹಾಕಿದೆ. ಬ್ಯಾಟರಿ ಸಿಗಲಿಲ್ಲ. ಖಣಗಳ ಗಂಟೊಂದು ಜಾರಿ ತಲೆಯ ಮೇಲೆ ಬಿತ್ತು. ಪೆಟ್ಟೇನೂ ಆಗಲಿಲ್ಲ. ಆದರೂ ಕುರ್ಚಿಯಿಂದ ಇಳಿದು, ತಲೆ ಮುಟ್ಟಿ ನೋಡಿಕೊಂಡು, ಕಣ್ಣಿನ ಪಾಪೆಗಳೆರಡೂ ಒಂದೇ ಗಾತ್ರದಲ್ಲಿವೆಯೇ ಎಂದು ಕನ್ನಡಿಯಲ್ಲಿ ಪರೀಕ್ಷಿಸಿಕೊಂಡೆ. ನೀವು ನಗಬಹುದು. ಲುಸೈಲಿನಲ್ಲಿ ಏಳುತ್ತಿರುವ ಕಟ್ಟಡವೊಂದರಲ್ಲಿ ನಾನು ಸೇಫ್ಟಿ ಆಫೀಸರ್. ಏನೇನು ಅನಾಹುತ ಆಗಬಹುದೆಂದು ಮುಂಚಿತವಾಗಿ ಊಹಿಸುವುದಕ್ಕೇ ನನಗೆ ಸಂಬಳ. ಕತಾರಿಗೆ ಬರುವ ಮುಂಚೆ ಇದೇ ಕೆಲಸವನ್ನು ಪುಕ್ಕಟೆಯಾಗಿ ಮಾಡುತ್ತಿದ್ದೆ.

ಖಣ ಎಂದರೆ ಕುಬಸ ಹೊಲಿಸುವ ಬಟ್ಟೆ. ಮೈಸೂರು ಕಡೆಯವರು ರವಿಕೆ ಕಣ ಎನ್ನುತ್ತಾರೆ, ದೋಹಾದ ಹೆಂಗಸರ ವಾಟ್ಸಾಪಿನಲ್ಲಿ ಅದು ಬ್ಲೌಸ್ ಪೀಸ್. ಹೆಸರು ಯಾವುದಾದರೂ ಸರಿ, ಅದರ ಸ್ವಭಾವ ನಿಮಗೆ ಗೊತ್ತೇ ಇದೆ. ಮನೆಗೆ ಬಂದ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸಬಾರದು. ಅರಿಸಿನ ಕುಂಕುಮ, ತೆಂಗಿನಕಾಯಿ, ಜೊತೆಗೊಂದು ಖಣ. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಒಯ್ಯುತ್ತಾಳೆ, ಒಯ್ದು ಕಪಾಟಿನಲ್ಲಿಡುತ್ತಾಳೆ, ಮುಂದಿನ ಹಬ್ಬಕ್ಕೆ ಇನ್ನೊಬ್ಬಳಿಗೆ ಕೊಡುತ್ತಾಳೆ. ಹೊಲಿಸುವವರು ಯಾರೂ ಇಲ್ಲ. ಹೊಲಿಸುವುದಿಲ್ಲವೆಂದು ಎಲ್ಲರಿಗೂ ಗೊತ್ತು, ಗೊತ್ತಿದೆಯೆಂದು ಯಾರೂ ಹೇಳುವುದಿಲ್ಲ.

ಗದಗಿನಲ್ಲಿ ನಮ್ಮವ್ವನ ಟ್ರಂಕು ಇಂಥ ಖಣಗಳಿಂದ ತುಂಬಿರುತ್ತಿತ್ತು. ಮುಚ್ಚಳ ಎತ್ತಿದರೆ ಅರಿಸಿನ ಮತ್ತು ಡಾಂಬರು ಗುಳಿಗೆಯ ವಾಸನೆ. ಶ್ರಾವಣ ಬಂತೆಂದರೆ ಅವ್ವ ಎಲ್ಲವನ್ನೂ ಚಾಪೆಯ ಮೇಲೆ ಹರವಿ, ಯಾವುದು ಯಾರ ಮನೆಯದೆಂದು ನೆನಪಿಸಿಕೊಳ್ಳುವಾಗ ನಾನು ಪಕ್ಕದಲ್ಲಿ ಕೂತು ಚಿಂತೆ ಮಾಡುತ್ತಿದ್ದೆ. ಕೊಟ್ಟವರಿಗೇ ತಿರುಗಿ ಕೊಟ್ಟುಬಿಟ್ಟರೆ? ಅವರು ಗುರುತು ಹಿಡಿದರೆ? ಮಾತು ಬಿಟ್ಟರೆ? ಅವರ ಮನೆಯ ಬಾವಿಯಿಂದ ನಮಗೆ ನೀರು ನಿಂತುಹೋದರೆ? ಅವ್ವ ಒಮ್ಮೆ ನನ್ನ ಮುಖ ನೋಡಿ, “ಇಷ್ಟು ಸಣ್ಣವ ಇದ್ದೀ, ಇಷ್ಟ್ಯಾಕ ಮುದುಕಾಗೀ?” ಎಂದು ಕೇಳಿದ್ದಳು. ಒಂದು ಸಲ ಅವಳೇ ಕೊಟ್ಟ ಖಣ ಊರೆಲ್ಲ ಸುತ್ತಿ ಅವಳ ಉಡಿಗೇ ಬಂತು. ಅವಳು ತವರಿಗೆ ಬಂದ ಮಗಳನ್ನು ನೋಡುವಂತೆ ಅದನ್ನು ನೋಡಿದಳೇ ಹೊರತು ತುಟಿ ಪಿಟಕ್ಕೆನ್ನಲಿಲ್ಲ.

ನಾನು ಹೇಳಹೊರಟದ್ದು ಬೇರೆಯೇ ಒಂದು ಖಣದ ಕಥೆ.

ನಮ್ಮ ಸೈಟಿನಲ್ಲಿ ಡೆಲಿಯಾ ಎಂಬ ಪ್ಲಾನಿಂಗ್ ಎಂಜಿನಿಯರ್ ಇದ್ದಾಳೆ. ಪನಾಮಾ ದೇಶದವಳು. ಅಲ್ಲಿಯ ಕಡಲ ದ್ವೀಪಗಳಲ್ಲಿ ತಲೆತಲಾಂತರದಿಂದ ಇರುವ ಗುನಾ ಎಂಬ ಜನ ಅವಳವರು. ಹೋದ ವರ್ಷ ಅವಳು ಅಪೆಂಡಿಕ್ಸ್ ಆಪರೇಷನ್ ಆಗಿ ಒಬ್ಬಳೇ ಮಲಗಿದ್ದಾಗ ನನ್ನ ಹೆಂಡತಿ ಶೈಲಾ ಬಿನ್ ಮಹಮೂದ್ ಬಡಾವಣೆಯ ನಮ್ಮ ಮನೆಯಿಂದ ವೆಸ್ಟ್ ಬೇಯ ಅವಳ ಟವರಿಗೆ ಗಂಜಿ, ಆಮೇಲೆ ಮೆತ್ತಗಿನ ರೊಟ್ಟಿ, ಆಮೇಲೆ ಡಾಕ್ಟರು ಬೇಡವೆಂದರೂ ಎಣ್ಣೆಗಾಯಿ ಕಳಿಸಿದಳು. ಕಳಿಸಿದಳು ಎಂದರೆ ಡಬ್ಬಿ ಹೊತ್ತವನು ನಾನು. ಲಿಫ್ಟು ಕೆಟ್ಟರೆ ಗಂಜಿಯ ಗತಿಯೇನೆಂದು ಚಿಂತಿಸುತ್ತ ಅಷ್ಟೂ ಮಹಡಿ ಏರಿದವನು. ಗುಣವಾದ ಮೇಲೆ ಡೆಲಿಯಾ ನಮ್ಮ ಮನೆಗೆ ಬಂದು ಶೈಲಾಳ ಕೈಯಲ್ಲಿ ಒಂದು ಬಟ್ಟೆಯಿಟ್ಟಳು.

ಅದನ್ನು ಮೋಲಾ ಎನ್ನುತ್ತಾರೆ. ಬೇರೆ ಬೇರೆ ಬಣ್ಣದ ಬಟ್ಟೆಗಳನ್ನು ಒಂದರ ಮೇಲೊಂದು ಹಾಸಿ, ಮೇಲಿನದನ್ನು ಚಿತ್ರದ ಆಕಾರಕ್ಕೆ ಕತ್ತರಿಸುತ್ತಾರೆ. ಕತ್ತರಿಸಿದ ಕಡೆ ಕೆಳಗಿನ ಬಣ್ಣ ಇಣುಕುತ್ತದೆ. ಅಂಚನ್ನು ಒಳಗೆ ಮಡಚಿ ಕಣ್ಣಿಗೆ ಕಾಣದಷ್ಟು ಸಣ್ಣ ಹೊಲಿಗೆ ಹಾಕುತ್ತಾರೆ. ಆಮೇಲೆ ಇನ್ನೂ ಕೆಳಗಿನ ಪದರಕ್ಕೆ ಕತ್ತರಿ. ಎಲ್ಲ ಕೈಕೆಲಸ. ನಮಗೆ ಬಂದದ್ದರಲ್ಲಿ ಕಪ್ಪು, ಕೆಂಪು, ಕಿತ್ತಳೆ ಬಣ್ಣದ ಒಂದು ಹಕ್ಕಿ. ಅದರ ಹೊಟ್ಟೆಯೊಳಗೆ ಇನ್ನೊಂದು ಮರಿಹಕ್ಕಿ, ಸುತ್ತ ದಾರಿ ತಪ್ಪಿಸುವಂಥ ಗೆರೆಗಳು. ಡೆಲಿಯಾಳ ತಾಯಿ ಮಗಳಿಗೆಂದು ಹೊಲಿದದ್ದು. ನಿಜವಾಗಿ ಅದು ಒಂದು ಕುಬಸದ ಅರ್ಧ: ಮುಂದಕ್ಕೊಂದು, ಹಿಂದಕ್ಕೊಂದು, ನೋಡಲು ಜೋಡಿ, ಆದರೆ ತದ್ರೂಪವಲ್ಲ. ಡೆಲಿಯಾ ಕುಬಸವನ್ನು ಬಿಚ್ಚಿ ಒಂದನ್ನು ತಾನಿಟ್ಟುಕೊಂಡು ಒಂದನ್ನು ಶೈಲಾಳಿಗೆ ಕೊಟ್ಟಿದ್ದಳು.

ಶೈಲಾ ಅದನ್ನು ತಿರುವಿ ಹಿಂಬದಿಯ ಹೊಲಿಗೆ ನೋಡಿದಳು. “ಕುಬಸಕ್ಕ ಛಲೋ ಆಗ್ತೈತಿ” ಎಂದಳು.

“ಇದು ಕಲೆ. ಫ್ರೇಮ್ ಹಾಕಿಸಬೇಕು” ಎಂದೆ.

ಫ್ರೇಮ್ ಹಾಕಿಸುವುದಾದರೆ ಗೋಡೆ ಬೇಕು. ಒಂದು ಗೋಡೆಗೆ ಬೆಳಗಿನ ಬಿಸಿಲು, ಬಣ್ಣ ಮಾಸೀತು. ಇನ್ನೊಂದರ ಮೇಲೆ ಎಸಿ, ನೀರು ಸೋರೀತು. ಮೂರನೆಯದರೊಳಗೆ ಕರೆಂಟಿನ ತಂತಿ ಎಲ್ಲಿ ಹಾದಿದೆಯೋ ಯಾರಿಗೆ ಗೊತ್ತು. ಗೋಡೆ ನಿಶ್ಚಯವಾಗುವತನಕ ಜೋಪಾನವಾಗಿರಲೆಂದು ನಾನು ಅದನ್ನು ಬೆಣ್ಣೆಕಾಗದದಲ್ಲಿ ಸುತ್ತಿದೆ, ಶೂ ಡಬ್ಬಿಯಲ್ಲಿ ಬರುವ ತೇವ ಹೀರುವ ಪುಡಿಯ ಪೊಟ್ಟಣಗಳನ್ನು ಸೇರಿಸಿದೆ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅಂಟಿಸಿದೆ, ಮನೆಯಲ್ಲೇ ಅತಿ ಸುರಕ್ಷಿತವೆಂದು ನನಗೆ ತೋರಿದ ಜಾಗದಲ್ಲಿಟ್ಟೆ. ಕಪಾಟಿನ ಮೇಲಿನ ಖಾನೆಯಲ್ಲಿ. ಶೈಲಾಳ ಖಣಗಳ ನಡುವೆ.

ಮುಂದಿನದನ್ನು ನೀವೇ ಊಹಿಸಿರಬಹುದು. ನಾನು ಮಾತ್ರ ಊಹಿಸಿರಲಿಲ್ಲ.

ಚಳಿಗಾಲ ಶುರುವಾದ ಮೇಲೆ ಒಂದು ದಿನ ಸೈಟಿನ ಕ್ಯಾಬಿನ್ನಿನಲ್ಲಿ ಡೆಲಿಯಾ ನನ್ನೆದುರು ಬಂದು ಕೂತಳು. ಹೆಲ್ಮೆಟ್ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

“ನನ್ನ ತಾಯಿ ಬಂದಿದ್ದಾಳೆ. ಶುಕ್ರವಾರ ನಿಮ್ಮ ಮನೆಗೆ ಕರೆತರಲಾ?”

“ಧಾರಾಳವಾಗಿ.”

“ಅವಳು ಬರುತ್ತಿರುವುದು ಆ ಮೋಲಾ ನೋಡಲಿಕ್ಕೆ.” ಅವಳು ಹೆಲ್ಮೆಟ್ಟಿನ ಪಟ್ಟಿಯನ್ನು ಎಳೆದಳು, ಬಿಟ್ಟಳು. “ಆ ಕುಬಸ ನಾನು ಒಂದು ಸಲವೂ ಹಾಕಲಿಲ್ಲ. ಬಿಚ್ಚಿ ಅರ್ಧ ಕೊಟ್ಟುಬಿಟ್ಟೆ ಅಂತ ಗೊತ್ತಾದಾಗ ಅವಳು ನನ್ನ ಜೊತೆ ಫೋನಿನಲ್ಲಿ ಮಾತಾಡುವುದನ್ನೇ ನಿಲ್ಲಿಸಿದ್ದಳು. ಒಳ್ಳೆಯ ಮನೆಯಲ್ಲಿದೆ, ಮರ್ಯಾದೆಯಿಂದ ಇಟ್ಟುಕೊಂಡಿದ್ದಾರೆ ಅಂತ ಮಾತು ಕೊಟ್ಟಿದ್ದೇನೆ. ಕಣ್ಣಾರೆ ನೋಡಿದರೆ ಅವಳ ಸಿಟ್ಟು ಇಳಿಯುತ್ತದೆ. ನೋಡದೆ ಇಳಿಯುವುದಿಲ್ಲ. ನನಗೆ ಅವಳು ಗೊತ್ತು.”

ಮನೆಗೆ ಬಂದು ಖಾನೆ ನೋಡಿದೆ. ಇರಲಿಲ್ಲ.

“ನವರಾತ್ರ್ಯಾಗ ಹೋಗಿರಬೇಕ್ರೀ” ಎಂದಳು ಶೈಲಾ. “ಮಂದಿ ಭಾಳ ಬಂದಿದ್ರು. ಕವರ್ ಹಾಕಿದ್ದು ಹೊಸಾವು ಅಂತ ಅವನ್ನ ಮೊದಲ ಕೊಟ್ಟೆ.”

“ನೋಡಿ ಕೊಡಬಾರದೇ?”

“ನೋಡಾಕ ಬಿಟ್ಟಿದ್ರೇನು? ಕಾಗದ, ಅದರ ಮ್ಯಾಲ ಪ್ಲಾಸ್ಟಿಕ್ಕು, ಅದರ ಮ್ಯಾಲ ಟೇಪು. ಬಾಂಬ್ ಸುತ್ತಿದಂಗ ಸುತ್ತಿದ್ರಿ. ಆ ಪುಡಿ ಪೊಟ್ಟಣ ಕೈಗೆ ಹತ್ತಿದಾಗ ನಾ ಕುಂಕುಮದ ಪಾಕೀಟು ಅಂದ್ಕೊಂಡೆ.”

ಯಾರಿಗೆ ಕೊಟ್ಟಳೆಂದು ಅವಳಿಗೆ ನೆನಪಿಲ್ಲ. ಎಲ್ಲರನ್ನೂ ಕೇಳೋಣ ಎಂದೆ. ಶೈಲಾ ಸೋಫಾದ ಮೇಲೆ ಕೂತುಬಿಟ್ಟಳು. ನಾನು ಕೊಟ್ಟ ಖಣ ನಿಮ್ಮಲ್ಲಿ ಇದೆಯೇ ಎಂದು ಕೇಳುವುದೆಂದರೆ ಏನು? ಇದೆ ಎಂದರೆ ಹೊಲಿಸಿಲ್ಲ ಎಂದಾಯಿತು. ಇಲ್ಲ ಎಂದರೆ ಇನ್ನೊಬ್ಬರಿಗೆ ದಾಟಿಸಿದ್ದಾರೆ ಎಂದಾಯಿತು. ಎರಡೂ ಬಾಯಿಬಿಟ್ಟು ಆಡುವ ಮಾತಲ್ಲ. “ನಾಳಿಂದ ನಾ ಯಾರ ಮನಿಗೆ ಹೋಗಲಿ?” ಎಂದಳು.

ಆಗ ನನ್ನ ವೃತ್ತಿಬುದ್ಧಿ ಕೆಲಸ ಮಾಡಿತು. ಸೈಟಿನಲ್ಲಿ ದೋಷವಿರುವ ಸಲಕರಣೆ ಬಂದರೆ ವಾಪಸ್ ತರಿಸಿಕೊಳ್ಳಲು ಒಂದು ನೋಟೀಸ್ ಕಳಿಸುತ್ತೇವೆ; ಯಾರಿಗೂ ಅವಮಾನವಿಲ್ಲ, ತಪ್ಪು ಸಲಕರಣೆಯದು. ಶೈಲಾಳ ಫೋನಿನಿಂದ ಹೆಂಗಸರ ಗುಂಪಿಗೆ ನಾನೇ ಬರೆದೆ: ನವರಾತ್ರಿಯಲ್ಲಿ ನಮ್ಮ ಮನೆಯಿಂದ ಪಡೆದ ಒಂದು ಖಣದ ಬಣ್ಣದ ಗುಣಮಟ್ಟದ ಬಗ್ಗೆ ಸಂದೇಹವಿರುವುದರಿಂದ, ಮುನ್ನೆಚ್ಚರಿಕೆಯ ಕ್ರಮವಾಗಿ ದಯವಿಟ್ಟು ಹಿಂದಿರುಗಿಸಿ, ಬದಲಿ ಕೊಡಲಾಗುವುದು.

ಇಂಥ ನೋಟೀಸನ್ನು ಲುಸೈಲಿನಲ್ಲಿ ಯಾರೂ ಓದುವುದಿಲ್ಲ. ಬಿನ್ ಮಹಮೂದಿನಲ್ಲಿ ಎಲ್ಲರೂ ಓದಿದರು. ಸಂಜೆಯ ಹೊತ್ತಿಗೆ ಒಂದು ಖಣ ಹೋಗಿ ಎಲ್ಲ ಖಣಗಳೂ ಆದವು, ಸಂದೇಹ ಹೋಗಿ ಕೆಮಿಕಲ್ ಆಯಿತು. ಯಾರಿಗೋ ಕೈ ತುರಿಸಿತಂತೆ. ಮರುದಿನದಿಂದ ನಮ್ಮ ಬಾಗಿಲಿಗೆ ಖಣಗಳು ಬರತೊಡಗಿದವು. ಕೆಲವರು ಚಿಮಟಿಯಲ್ಲಿ ಹಿಡಿದಂತೆ ಎರಡು ಬೆರಳಲ್ಲಿ ಹಿಡಿದು ತಂದರು. ಕೆಲವರು ಬಾಗಿಲ ಹಿಡಿಕೆಗೆ ನೇತುಹಾಕಿ ಗಂಟೆಯೊತ್ತಿ ಲಿಫ್ಟಿಗೆ ಓಡಿದರು. ನಾವು ಯಾವತ್ತೂ ಕೊಡದವೂ ಬಂದವು. ನಾವು ಕೊಟ್ಟದ್ದು ಯಾವುದೆಂದು ಯಾರಿಗೂ ಖಚಿತವಿರಲಿಲ್ಲ, ಸುಮ್ಮನೆ ಅಪಾಯ ಯಾಕೆಂದು ಇದ್ದಬದ್ದದ್ದನ್ನೆಲ್ಲ ಕಳಿಸಿದ್ದರು. ಗಿಳಿಹಸಿರಿನ ಒಂದನ್ನು ನೋಡಿ ಶೈಲಾ, “ಇದು ನನ್ನ ಸೀಮಂತದ್ದು” ಎಂದು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ನಮ್ಮ ಮಗ ಈಗ ಕಾಲೇಜಿನಲ್ಲಿದ್ದಾನೆ.

ಮೋಲಾ ಮಾತ್ರ ಬರಲಿಲ್ಲ.

ಬುಧವಾರ ಸಂಜೆ ಸವಿತಕ್ಕ ಬಂದರು. ಮಂಗಳೂರಿನವರು, ನಮ್ಮ ಕೆಳಗಿನ ಮಹಡಿಯಲ್ಲೇ ಇದ್ದಾರೆ. ಚಹಾ ಬೇಡವೆಂದು ಹೇಳಿ, ಕುಡಿದು, ಲೋಟ ಕೆಳಗಿಟ್ಟರು.

“ನಾನು ಹೇಳುದು ಕೇಳಿ ಮಾರಾಯ್ರೆ. ನವರಾತ್ರಿಗೆ ನೀವು ನಂಗೆ ಕೊಟ್ಟದ್ದು ಒಂದು ಹಕ್ಕಿಯ ಪೀಸ್. ಈಗ ನನ್ನತ್ರ ಇಲ್ಲ.”

“ಯಾರಿಗಾದರೂ ಕೊಟ್ಟಿರಾ?” ಎಂದೆ.

“ಕೊಟ್ಟದ್ದು ಅಂತ ಅಲ್ಲ. ಸ್ವಲ್ಪ ಆಚೆ ಹೋಗಿದೆ.” ಅವರು ಶೈಲಾಳ ಮುಖ ನೋಡಲಿಲ್ಲ. “ಅಲ್ಲಲ್ಲಿ ಕತ್ತರಿಸಿ ಹೊಲಿದ ಹಾಗೆ ಉಂಟು, ಇದೆಂಥದ್ದಪ್ಪಾ ಇವರು ತೇಪೆ ಹಾಕಿದ್ದು ಕೊಟ್ಟಿದ್ದಾರೆ ಅಂತ ನಂಗೆ ಬೇಜಾರೇ ಆಯ್ತು, ಸುಳ್ಳು ಯಾಕೆ ಹೇಳುದು. ಜಯಶ್ರೀಯ ಅತ್ತೆ ಊರಿಂದ ಬಂದಿದ್ರಲ್ಲ, ಅವರಿಗೆ ಕುಂಕುಮ ಕೊಡುವಾಗ ಅದನ್ನೇ ಇಟ್ಟೆ.”

ಶೈಲಾಳಿಗೆ ಸಿಟ್ಟು ಬರಬೇಕಿತ್ತು. ಅವಳು ಎದ್ದು ಹೋಗಿ ವಾಪಸ್ ಬಂದ ಖಣಗಳ ಗಂಟಿನಿಂದ ಒಂದು ನೇರಳೆ ಖಣ ತಂದು ಸವಿತಕ್ಕನ ಮುಂದಿಟ್ಟಳು. “ಇದನ್ನ ನೀವು ನನಗ ಕೊಟ್ಟಿದ್ರಿ. ನಾ ಯಾರಿಗೋ ಕೊಟ್ಟಿದ್ದೆ. ನಿನ್ನೆ ವಾಪಸ್ ಬಂತು.” ಇಬ್ಬರೂ ಒಂದು ಕ್ಷಣ ಅದನ್ನೇ ನೋಡಿದರು. ಆಮೇಲೆ ನಗಲಿಕ್ಕೆ ಶುರುಮಾಡಿದವರು ನಾನು ಅಡುಗೆಮನೆಗೆ ಹೋಗಿ ಗ್ಯಾಸ್ ಆರಿಸಿ ಬರುವತನಕ ನಿಲ್ಲಿಸಲಿಲ್ಲ.

ಜಯಶ್ರೀಯ ಮನೆ ಹಿಂದಿನ ಬೀದಿಯಲ್ಲಿ. ಗಂಡ ಗ್ಯಾಸ್ ಕಂಪನಿಯಲ್ಲಿ. ಅತ್ತೆ ಗಂಗವ್ವ ಇಳಕಲ್ಲಿನ ಕಡೆಯವರು, ಮೊಮ್ಮಗುವನ್ನು ನೋಡಲು ವಿಸಿಟ್ ವೀಸಾದಲ್ಲಿ ಬಂದು ಫ್ಲ್ಯಾಟಿನಲ್ಲಿ ಹೊತ್ತು ಹೋಗದೆ ಒದ್ದಾಡುತ್ತಿದ್ದರು. ನಾವು ಹೋದಾಗ ಕಿಟಕಿಯ ಪಕ್ಕ ಕೂತಿದ್ದರು. ತಲೆಯ ಮೇಲೆ ಸೆರಗು, ಹೆಗಲಿನ ತುಂಬ ಸೆರಗು. ಜಯಶ್ರೀ ನಮ್ಮನ್ನು ಬಾಗಿಲಲ್ಲೇ ತಡೆದು ಪಿಸುಗುಟ್ಟಿದಳು: “ಅತ್ತಿ ಅದನ್ನ ಹೊಲಕೊಂಡು ಬಿಟ್ಟಾರ.”

“ಹೊಲಿದುಕೊಂಡರೇ?” ದೋಹಾದಲ್ಲಿ ಒಬ್ಬರು ಖಣವನ್ನು ಹೊಲಿದುಕೊಂಡಿದ್ದಾರೆ ಎಂಬುದನ್ನು ನನ್ನ ಯಾವ ಅಪಾಯದ ಲೆಕ್ಕಾಚಾರವೂ ಹಿಡಿದಿರಲಿಲ್ಲ.

ಗಂಗವ್ವನಿಗೆ ಕಿವಿ ಚುರುಕು. “ಖಣ ಕೊಟ್ಟಮ್ಯಾಲೆ ಹೊಲಕೊಳ್ಳದ ಉಪ್ಪಿನಕಾಯಿ ಹಾಕೋದೇನು?” ಎಂದರು ಕಿಟಕಿಯಿಂದಲೇ. “ಬಾರೋ ತಮ್ಮಾ, ನೀನೇನು ಆ ವಿಷದಾಂವ? ನಾ ದೀಪಾವಳಿಯಿಂದ ಹಾಕ್ಕೊಳ್ಳಾಕತ್ತೀನಿ. ಒಂದು ಗುಳ್ಳಿ ಸೈತ ಎದ್ದಿಲ್ಲ.”

ಅವರು ಆಗಲೂ ಅದನ್ನೇ ಹಾಕಿಕೊಂಡಿದ್ದರು. ಸೆರಗಿನ ಅಂಚಿನಲ್ಲಿ ಕಿತ್ತಳೆ ಬಣ್ಣದ ಒಂದು ಚೂರು ಕಾಣುತ್ತಿತ್ತು.

ನಾನು ಇದ್ದದ್ದು ಇದ್ದಂತೆ ಹೇಳಿದೆ: ಡೆಲಿಯಾ, ತಾಯಿ, ಶುಕ್ರವಾರ. ಒಂದು ಮಧ್ಯಾಹ್ನದ ಮಟ್ಟಿಗೆ ಕೊಡಬಹುದೇ, ಹೊಲಿಗೆ ಬಿಚ್ಚಿ, ಮತ್ತೆ ಅವರಿಗೇ—

“ಉಡ್ಯಾಗ ಹಾಕಿದ್ದನ್ನ ವಾಪಸ್ ಕೇಳ್ತಾರೇನೋ?” ಎಂದರು ಗಂಗವ್ವ. ಸಿಟ್ಟಿನಿಂದಲ್ಲ, ನನಗೆ ತಿಳಿಹೇಳುವಂತೆ. “ಕೇಳಿದ್ರ ಕೊಟ್ಟಾಕಿಗೂ ಛಲೋ ಅಲ್ಲ, ಇಸಕೊಂಡಾಕಿಗೂ ಛಲೋ ಅಲ್ಲ.”

ಶೈಲಾಳೇ ಮುಂದೆ ಬಂದು, “ಹಂಗಾದ್ರ ಶುಕ್ರವಾರ ನೀವ ಊಟಕ್ಕ ಬರ್ರಿ ಅಮ್ಮಾ. ಅದನ್ನ ಹಾಕ್ಕೊಂಡು ಬರ್ರಿ” ಎಂದಳು.

ಶುಕ್ರವಾರದ ತನಕ ನಾನು ಡೆಲಿಯಾಳ ಕಣ್ಣಿಗೆ ಬೀಳದಂತೆ ಸೈಟಿನ ದೂರದ ಮೂಲೆಗಳನ್ನೇ ತಪಾಸಣೆ ಮಾಡಿದೆ. ಒಂದು ರೀತಿಯಲ್ಲಿ ಆ ವಾರ ನಮ್ಮ ಕಟ್ಟಡ ಬಹಳ ಸುರಕ್ಷಿತವಾಗಿತ್ತು.

ಡೆಲಿಯಾಳ ತಾಯಿ ಸಣ್ಣ ಆಳು. ಕೆಂಪು ಹಳದಿ ತಲೆವಸ್ತ್ರ, ಮೂಗಿನಲ್ಲಿ ಬಂಗಾರದ ಉಂಗುರ, ಮುಂಗೈಯಿಂದ ಮೇಲಕ್ಕೆ ಬಿಗಿಯಾಗಿ ಸುತ್ತಿದ ಮಣಿಸರ, ಎದೆಯ ಮೇಲೆ ಮೀನುಗಳಿದ್ದ ಮೋಲಾ ಕುಬಸ. ನಮ್ಮ ಲಿಫ್ಟಿನಲ್ಲಿ ಅವರ ಜೊತೆ ಬಂದ ಮಲಯಾಳಿ ಕುಟುಂಬ ಬಾಗಿಲು ತೆರೆದ ಮೇಲೂ ಇಳಿಯುವುದನ್ನು ಮರೆತಿತ್ತು. ತಾಯಿ ಒಳಗೆ ಬಂದು, ಶೈಲಾಳ ಕೆನ್ನೆ ಮುಟ್ಟಿ, ಗೋಡೆಗಳನ್ನು ನೋಡಿದರು. ಒಂದು, ಎರಡು, ಮೂರು. ಒಂದರ ಮೇಲೂ ಏನೂ ಇಲ್ಲ. ಮಗಳ ಕಡೆ ತಿರುಗಿ ತಮ್ಮ ಭಾಷೆಯಲ್ಲಿ ಏನೋ ಸಣ್ಣದನ್ನು ಹೇಳಿದರು. ಡೆಲಿಯಾಳ ಮುಖದಿಂದ ಬಣ್ಣ ಇಳಿಯಿತು.

“ಎಲ್ಲಿದೆ?” ಎಂದು ಅವಳು ನನ್ನನ್ನು ಕೇಳಿದಳು. ಕೆಲಸ ಹೋದವರು ಕೇಳುವ ದನಿ.

ನಾನು ಮಾತು ಶುರುಮಾಡಿದೆ. ಬಿಸಿಲಿನ ಕೋನ, ತೇವಾಂಶ, ಬೆಣ್ಣೆಕಾಗದ, ನಮ್ಮಲ್ಲಿರುವ ಒಂದು ಪದ್ಧತಿ. ನನ್ನ ಇಂಗ್ಲಿಷ್ ನನಗೇ ಅಪಘಾತದ ವರದಿಯಂತೆ ಕೇಳಿಸುತ್ತಿತ್ತು. ತಾಯಿ ನನ್ನನ್ನು ನೋಡಲೇ ಇಲ್ಲ. ಕೈಚೀಲವನ್ನು ಮತ್ತೆ ಹೆಗಲಿಗೇರಿಸಿಕೊಂಡರು.

ಸೋಫಾದ ಮೂಲೆಯಲ್ಲಿದ್ದ ಗಂಗವ್ವ ಮೊಣಕಾಲ ಮೇಲೆ ಕೈಯೂರಿ ಎದ್ದರು. “ಇವನ ಮಾತು ಮುಗಿಯೋತನಕ ನನ್ನ ವೀಸಾ ಮುಗೀತೈತಿ” ಎಂದು, ನಮ್ಮೆಲ್ಲರಿಗೂ ಬೆನ್ನು ಮಾಡಿ, ಹೆಗಲ ಮೇಲಿನ ಸೆರಗನ್ನು ಇಳಿಸಿದರು.

ಇಡೀ ಬೆನ್ನಿನ ತುಂಬ ಆ ಹಕ್ಕಿ. ಹೊಟ್ಟೆಯೊಳಗಿನ ಮರಿಯ ಸಮೇತ. ಅಕ್ಕಪಕ್ಕ ಗುಳೇದಗುಡ್ಡದ ಖಣದ ಪಟ್ಟಿ ಕೂಡಿಸಿ, ತೋಳಿಗೂ ಅದೇ ಅಂಚು ಕೊಟ್ಟು ಹೊಲಿದಿದ್ದರು. ಗಂಗವ್ವ ಉಸಿರಾಡಿದಾಗ ಹಕ್ಕಿ ಸ್ವಲ್ಪ ಹಿಗ್ಗಿತು.

ತಾಯಿ ಚೀಲ ಕೆಳಗಿಟ್ಟರು. ಕನ್ನಡಕ ಹಾಕಿಕೊಂಡರು. ಹತ್ತಿರ ಹೋಗಿ, ಎರಡು ಬಟ್ಟೆ ಕೂಡುವ ಜಾಗದಲ್ಲಿ ಉಗುರಾಡಿಸುತ್ತ ಮೇಲಿನಿಂದ ಕೆಳಗೆ ಬಂದರು. ಒಂದು ಕಡೆ ನಿಂತು ಚೂರು ಎಳೆದು ನೋಡಿದರು. ದಾರ ಅಲುಗಲಿಲ್ಲ. ಆಮೇಲೆ ಗಂಗವ್ವನ ಎರಡೂ ಹೆಗಲು ಹಿಡಿದು, ಗಡಿಗೆ ತಿರುಗಿಸುವಂತೆ ತಮ್ಮ ಕಡೆಗೆ ತಿರುಗಿಸಿಕೊಂಡರು. ಕುಬಸದ ಮುಂಭಾಗ ಬರೀ ಖಣ, ನಡುವೆ ಗಂಟು. ಅದನ್ನು ನೋಡಿ ಮಗಳಿಗೆ ಜೋರಾಗಿ ಏನೋ ಹೇಳಿದರು.

“ಏನಂತಾರ?” ಎಂದರು ಗಂಗವ್ವ.

ಡೆಲಿಯಾ ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯುವಂತಿರಲಿಲ್ಲ. “ಪಾಪ ಈ ಹೆಂಗಸು ಅರ್ಧ ಕುಬಸದಲ್ಲಿ ಓಡಾಡುತ್ತಿದ್ದಾಳೆ, ನಿನಗೆ ನಾಚಿಕೆ ಇಲ್ಲವಾ ಅಂತ ನನ್ನನ್ನು ಕೇಳುತ್ತಿದ್ದಾಳೆ. ಹೋಗಿ ಇನ್ನರ್ಧ ತಾ ಅನ್ನುತ್ತಿದ್ದಾಳೆ. ಈಗಲೇ.”

ಇನ್ನರ್ಧ ವೆಸ್ಟ್ ಬೇಯ ಅವಳ ಮನೆಯಲ್ಲಿ, ಗೋಡೆಯ ಮೇಲೆ, ಗಾಜಿನ ಫ್ರೇಮಿನೊಳಗಿತ್ತು. ಗಾಜಿನ ಕೆಲಸವೆಂದು ನಾನೂ ಜೊತೆಗೆ ಹೋದೆ. ಕಾರಿನಲ್ಲಿ ಯಾವಾಗಲೂ ಇರುವ ಕೈಗವಸು ಕೊಟ್ಟೆ, ಅವಳು ಹಾಕಿಕೊಂಡಳು. ಮೊಳೆಯಿಂದ ಫ್ರೇಮ್ ಇಳಿಸಿ, ನೆಲದ ಮೇಲೆ ಬೋರಲು ಹಾಕಿ, ಹಿಂದಿನ ತಗಡು ಬಿಚ್ಚುವಾಗ ಡೆಲಿಯಾ ಹೇಳಿದಳು: “ಇದನ್ನು ಹಾಕಿಕೊಂಡರೆ ದಪ್ಪ ಕಾಣುತ್ತೇನೆ ಅಂತ ಅವಳಿಗೆ ಹೇಳಿದ್ದೆ. ಆಗ ನನಗೆ ಇಪ್ಪತ್ತು ವರ್ಷ ಇರಬೇಕು.” ಬಟ್ಟೆಯನ್ನು ಹೊರತೆಗೆದು ಮಡಿಲಲ್ಲಿಟ್ಟು ಮಡಚಿದಳು. ಬಳಿಕ, “ಯಲ್ಲಾ, ಹೋಗೋಣ” ಎಂದು ಎದ್ದಳು.

ವಾಪಸ್ ಬಂದಾಗ ಊಟ ಹಾಗೇ ಇತ್ತು. ಗಂಗವ್ವ ಶೈಲಾಳ ಶಾಲು ಹೊದ್ದು ನೆಲದ ಮೇಲೆ ಕೂತಿದ್ದರು. ಅವರ ಕುಬಸವನ್ನು ಅವರೂ ಡೆಲಿಯಾಳ ತಾಯಿಯೂ ಎರಡು ಕಡೆಯಿಂದ ಬಿಚ್ಚುತ್ತಿದ್ದರು. ಗಂಟು ಕಟ್ಟುವ ಪಟ್ಟಿ, ಗುಂಡಿ ಎಲ್ಲ ಆಗಲೇ ಒಂದು ತಟ್ಟೆಯಲ್ಲಿದ್ದವು. “ತಲಿ ಮ್ಯಾಲಿಂದ ಹಾಕ್ಕೋಬೇಕಂತವಾ, ಅಂಗಿಯಂಗ” ಎಂದು ಗಂಗವ್ವ ಶೈಲಾಳಿಗೆ ಹೇಳುತ್ತಿದ್ದರು. “ಈ ವಯಸ್ಸಿನ್ಯಾಗ. ಇರಲಿ, ಮಾಡಿ ನೋಡೋಣ.” ಡೆಲಿಯಾಳ ತಾಯಿ ದಾರವನ್ನು ಹಲ್ಲಿನಿಂದ ಕಡಿಯುತ್ತ ತಮ್ಮ ಭಾಷೆಯಲ್ಲಿ ಉತ್ತರ ಕೊಡುತ್ತಿದ್ದರು. ಇಬ್ಬರಲ್ಲಿ ಯಾರಿಗೂ ಇನ್ನೊಬ್ಬರ ಮಾತು ತಿಳಿಯದಿರುವುದು ಮಾತಿಗೆ ಅಡ್ಡಿಯಾದಂತೆ ಕಾಣಲಿಲ್ಲ.

ಡೆಲಿಯಾ ಬಟ್ಟೆಯನ್ನು ಅವರ ನಡುವೆ ಹಾಸಿ ತಾನೂ ಪಕ್ಕದಲ್ಲಿ ಕೂತಳು. ತಾಯಿ ತಲೆಯೆತ್ತಲಿಲ್ಲ, ಸೂಜಿಯೊಂದನ್ನು ಮಗಳ ಕೈಗೆ ಕೊಟ್ಟು, ಒಂದು ಅಂಚು ತೋರಿಸಿದರು.

“ಸೂಜಿ ಹುಷಾರು” ಎಂದೆ ನಾನು ಬಾಗಿ ನೋಡುತ್ತ. ಬಾಯಿಗೆ ಬಂದದ್ದು ಅಷ್ಟೇ.

ಇಬ್ಬರು ಮುದುಕಿಯರೂ ಒಟ್ಟಿಗೆ ತಲೆಯೆತ್ತಿ ನನ್ನನ್ನು ನೋಡಿದರು. ಡೆಲಿಯಾಳ ತಾಯಿ ಏನೋ ಹೇಳಿ ಕೈಯನ್ನು ಪಕ್ಕಕ್ಕೆ ಬೀಸಿದರು. ಅದೇ ಹೊತ್ತಿಗೆ ಗಂಗವ್ವ ಶೈಲಾಳಿಗೆ, “ಇವನ್ನ ಆಚಿಗೆ ಕರಿಯವಾ, ಬೆಳಕಿಗೆ ಅಡ್ಡ ನಿಂತಾನ” ಎಂದರು.

ನಾನು ಸರಿದು ನಿಂತೆ.